ಕಾವಲಿನ ನೆಲದಲ್ಲಿ ವಿಜ್ಞಾನ: ವಿಶ್ವಾಸಿಯ ಹೊಣೆ

ಚಳ್ಳಕೆರೆಯೆಂದೊಡನೆ ನಮ್ಮ ಹಿರಿಯರ ನೆನಪಿಗೆ ಬರುವುದು ಎಣ್ಣೆ ಗಿರಣಿ, ಶೇಂಗಾ ಮಂಡಿ ಹಾಗೂ ಕುರಿಯುಣ್ಣೆಯ ಕಂಬಳಿ. ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆ. ಮಳೆ ಕಡಿಮೆಯಾದ ಈ ಬಯಲುಸೀಮೆಗೆ ಈಗ ಇನ್ನೊಂದು ಗುರುತು ಸೇರಿಕೊಂಡಿದೆ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯು ಕುದಾಪುರದಲ್ಲಿ 1,500 ಎಕರೆಯ ಎರಡನೆಯ ಆವರಣವನ್ನು ಹೊಂದಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವು 2017ರಲ್ಲಿ ಇದೇ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಇಸ್ರೋ ಸಂಸ್ಥೆಗೂ ಇಲ್ಲಿ ಭೂಮಿ ದೊರೆತಿದೆ.

ಪ್ರಿಯ ವಾಚಕರೇ, ಈ ಬೇಲಿಯೊಳಗೆ ನಡೆಯುವ ಕೆಲಸಕ್ಕೂ ಭಾನುವಾರದ ಬಲಿಪೂಜೆಗೆ ಬರುವ ನಮ್ಮ ಕುಟುಂಬಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಉಂಟು. ಅದು ಹೆಮ್ಮೆಯ ಸಂಬಂಧ ಮಾತ್ರವಲ್ಲ, ಹೊಣೆಯ ಸಂಬಂಧವೂ ಹೌದು.

2024ರ ಜೂನ್ 23ರಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಪರೀಕ್ಷಾ ಕೇಂದ್ರದ ಮೇಲಿನ ಆಕಾಶದಲ್ಲಿ ಒಂದು ಪ್ರಯೋಗ ಜರುಗಿತು. ವಾಯುಪಡೆಯ ಹೆಲಿಕಾಪ್ಟರೊಂದು 4.5 ಕಿಲೋಮೀಟರ್ ಎತ್ತರದಿಂದ ‘ಪುಷ್ಪಕ್’ ಎಂಬ ರೆಕ್ಕೆಯುಳ್ಳ ವಾಹನವನ್ನು ಕೆಳಕ್ಕೆ ಬಿಟ್ಟಿತು. ಅದರೊಳಗೆ ಚಾಲಕನಿರಲಿಲ್ಲ. ಆದರೂ ವಾಹನವು ತನ್ನ ದಾರಿಯನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುದಾರಿಯನ್ನು ಮುಟ್ಟಿ ಸುರಕ್ಷಿತವಾಗಿ ನಿಂತಿತು. ಒಮ್ಮೆ ಹಾರಿಸಿದ ವಾಹನವನ್ನು ಮರಳಿ ಬಳಸುವ ಇಸ್ರೋ ಪ್ರಯತ್ನದಲ್ಲಿ ಇದು ಇಲ್ಲಿ ನಡೆದ ಮೂರನೆಯ ಇಳಿಕೆ. ಮೊದಲನೆಯದು 2023ರ ಏಪ್ರಿಲ್ 2ರಂದು, ಎರಡನೆಯದು 2024ರ ಮಾರ್ಚ್ 22ರಂದು ನಡೆದಿದ್ದವು.

ಚಾಲಕನಿಲ್ಲದ ವಾಹನ ತಾನೆಲ್ಲಿರುವೆನೆಂದು ತಿಳಿದದ್ದು ಹೇಗೆ? ಹಲವು ಉಪಕರಣಗಳು ಅದಕ್ಕೆ ನೆರವಾದವು. ಅವುಗಳಲ್ಲಿ ಒಂದು ನಮ್ಮ ದೇಶದ ‘ನಾವಿಕ್’ ಉಪಗ್ರಹ ವ್ಯವಸ್ಥೆ. ಇದರ ಗುಟ್ಟು ಇರುವುದು ಗಡಿಯಾರದಲ್ಲಿ. ಉಪಗ್ರಹದಿಂದ ಹೊರಟ ಸಂಕೇತ ನಮ್ಮನ್ನು ತಲುಪಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಅಳೆದು ದೂರವನ್ನು ಲೆಕ್ಕ ಹಾಕುತ್ತಾರೆ. ಸಂಕೇತ ಬೆಳಕಿನ ವೇಗದಲ್ಲಿ ಸಾಗುವುದರಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲ ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಲೋಲಕದ ಗಡಿಯಾರದಿಂದ ಇಂಥ ಕೆಲಸ ಸಾಧ್ಯವಿಲ್ಲ. ಅದಕ್ಕೆ ಪರಮಾಣುವೇ ಬೇಕು. ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಒಂದು ನಿಶ್ಚಿತ ವಿಕಿರಣವು 919,26,31,770 ಬಾರಿ ಕಂಪಿಸುವ ಅವಧಿಯೇ ಒಂದು ಸೆಕೆಂಡು ಎಂದು 1967ರಲ್ಲಿ ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡವು.

ನಾವಿಕ್ ಉಪಗ್ರಹಗಳಲ್ಲಿರುವುದು ರುಬಿಡಿಯಂ ಗಡಿಯಾರಗಳು. 2013ರಲ್ಲಿ ಹಾರಿದ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ಮೂರು ಗಡಿಯಾರಗಳಿದ್ದವು. ಮೂರೂ ಕೆಟ್ಟು ನಿಂತವು. ವಿಜ್ಞಾನಿಗಳು ಎದೆಗುಂದಲಿಲ್ಲ. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಮೊಟ್ಟಮೊದಲ ಬಾರಿಗೆ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿತ್ತು. ಆ ಮೊದಲ ಉಡಾವಣೆಯಿಂದ ಈ ಗೆಲುವಿನವರೆಗೆ ಸುಮಾರು ಹತ್ತು ವರ್ಷ ಹಿಡಿಯಿತು. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗುವನ್ನು ಹಂಗಿಸುವ ತಂದೆತಾಯಿಯರು ಈ ಹತ್ತು ವರ್ಷಗಳನ್ನು ನೆನೆಯುವುದು ಒಳಿತು.

ಕಾಲದ ವಿಚಾರ ಧರ್ಮಸಭೆಗೆ ಹೊಸದಲ್ಲ. ಕಾಲವೆಂದರೇನೆಂಬ ಪ್ರಶ್ನೆಗೆ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹನ್ನೊಂದನೆಯ ಅಧ್ಯಾಯವನ್ನೇ ಮೀಸಲಿಟ್ಟರು. ಪಾಸ್ಕ ಹಬ್ಬದ ದಿನ ಋತುಮಾನದಿಂದ ಜಾರುತ್ತಿದ್ದಾಗ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು 1582ರಲ್ಲಿ ಪಂಚಾಂಗವನ್ನು ತಿದ್ದಿಸಿದರು. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಆ ತಿದ್ದುಪಡಿಯ ಗಣಿತಕ್ಕೆ ದುಡಿದವರಲ್ಲಿ ಯೇಸುಸಭೆಯ ಕ್ರಿಸ್ಟೋಫರ್ ಕ್ಲಾವಿಯಸ್ ಪ್ರಮುಖರು. ಇಂದು ನಮ್ಮ ಮನೆಗೋಡೆಯ ಮೇಲೆ ತೂಗುವ ಕ್ಯಾಲೆಂಡರು ಆ ಪರಿಶ್ರಮದ ಫಲ. ಇದೇ ಧರ್ಮಸಭೆ ಗೆಲಿಲಿಯೋ ವಿಷಯದಲ್ಲಿ ಎಡವಿತು. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಆ ತೀರ್ಪಿನ ತಪ್ಪನ್ನು ಬಹಿರಂಗವಾಗಿ ಒಪ್ಪಿದರು. ಸತ್ಯವನ್ನು ಅರಸುವವನಿಗೆ ತಿದ್ದಿಕೊಳ್ಳುವುದು ಅವಮಾನವಲ್ಲವೆಂಬ ಪಾಠ ವಿಜ್ಞಾನಕ್ಕೂ ವಿಶ್ವಾಸಕ್ಕೂ ಸಮಾನವಾದುದು.

ಸಂಶೋಧನೆ ಪರಮಾಣು, ಉಪಗ್ರಹಗಳಿಗಷ್ಟೇ ಸೀಮಿತವೆಂದು ತಿಳಿಯಬಾರದು. ಮನುಷ್ಯನ ಭುಜ, ಮೊಣಕೈ, ಸೊಂಟಗಳೂ ಅದರ ವಸ್ತುಗಳೇ. ಓಡುವಾಗ, ಎಸೆಯುವಾಗ ದೇಹದ ಮೇಲೆ ಬೀಳುವ ಬಲವನ್ನು ಅಳೆಯುವ ಶಾಸ್ತ್ರವೊಂದಿದೆ. ಕ್ರಿಕೆಟ್ ಬೌಲರನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದೆಂಬ 2005ರ ನಿಯಮ ಇದೇ ಶಾಸ್ತ್ರದ ಅಳತೆಗಳಿಂದ ಬಂದದ್ದು. ನೀರಜ್ ಚೋಪ್ರಾ ಅವರ ಮೊಣಕೈಗೆ 2019ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಅವರನ್ನು ಪಳಗಿಸಿದ ಜರ್ಮನಿಯ ಕ್ಲಾಸ್ ಬಾರ್ಟೋನಿಯೆಟ್ಸ್ ಅವರು ಈ ಶಾಸ್ತ್ರದ ಪರಿಣತರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಚೋಪ್ರಾ 87.58 ಮೀಟರ್ ದೂರ ಭರ್ಜಿ ಎಸೆದು ಚಿನ್ನ ಗಳಿಸಿದರು. ನೆರೆಯ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಕ್ರೀಡಾವಿಜ್ಞಾನವನ್ನು ತರಬೇತಿಯ ಭಾಗವಾಗಿಸಿದೆ.

ಇಲ್ಲಿ ಒಂದು ಮಾತು ಕೇಳಲೇಬೇಕು. ಭರ್ಜಿ ಎಸೆಯುವವನ ಮೊಣಕೈಗೆ ದೊರೆತ ಗಮನ ಮೊಳಕಾಲ್ಮೂರಿನ ಮಗ್ಗದ ಮುಂದೆ ದಿನವಿಡೀ ಬಾಗಿ ಕೂರುವ ನೇಕಾರನ ಬೆನ್ನಿಗೆ ಎಂದು ದೊರೆತೀತು? ಶೇಂಗಾ ಕೀಳಲು ಬಿಸಿಲಿನಲ್ಲಿ ಬಗ್ಗುವ ತಾಯಿಯ ಸೊಂಟಕ್ಕೆ? ಶಾಸ್ತ್ರ ಒಂದೇ, ದೇಹವೂ ಒಂದೇ. ಯಾರ ನೋವನ್ನು ಅಳೆಯಬೇಕೆಂದು ನಿರ್ಧರಿಸುವುದು ಮಾತ್ರ ಪ್ರಯೋಗಶಾಲೆಯ ಉಪಕರಣವಲ್ಲ, ಮನುಷ್ಯನ ಅಂತಃಕರಣ.

ನೆಲದ ಪ್ರಶ್ನೆಯೂ ಇಂಥದ್ದೇ. ಈ ಸಂಸ್ಥೆಗಳು ನಿಂತಿರುವುದು ಪಾಳುಭೂಮಿಯಲ್ಲಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ, ಸುತ್ತಲಿನ ಹಳ್ಳಿಗಳ ಕುರಿ, ದನಗಳು ಮೇಯುತ್ತಿದ್ದ ಹುಲ್ಲುಗಾವಲು ಅದು. ಕುರಿಗೆ ಹುಲ್ಲಿಲ್ಲದಿದ್ದರೆ ಕಂಬಳಿಗೆ ಉಣ್ಣೆಯಿಲ್ಲ. ಈ ಕಾವಲುಗಳ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು 2014ರಲ್ಲಿ ತೀರ್ಪೂ ಆಯಿತು. ಕಾನೂನಿನ ವಾದ ಮುಗಿಯಬಹುದು, ಋಣ ಮುಗಿಯುವುದಿಲ್ಲ. ಒಂದು ಯೋಜನೆಯಿಂದ ಬಾಧಿತರಾಗುವ ಸ್ಥಳೀಯರ ದನಿಗೆ ಚರ್ಚೆಯಲ್ಲಿ ವಿಶೇಷ ಸ್ಥಾನವಿರಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದ್ದಾರೆ. ನಮ್ಮ ಪ್ರಭು ತಮ್ಮನ್ನು ಕುರಿಗಾಹಿಗೆ ಹೋಲಿಸಿಕೊಂಡರು. ಅವರ ಹಿಂಬಾಲಕರಾದ ನಾವು ಕುರಿಗಾಹಿಯನ್ನು ಮರೆತು ವಿಜ್ಞಾನವನ್ನು ಕೊಂಡಾಡಲಾಗದು.

ಹಾಗೆಂದು ವಿಜ್ಞಾನವನ್ನು ದೂಷಿಸುವುದೂ ಪರಿಹಾರವಲ್ಲ. ಕೊಟ್ಟ ನೆಲಕ್ಕೆ ಪ್ರತಿಯಾಗಿ ಜ್ಞಾನ ಮರಳಿ ಬರಬೇಕು. ಕುದಾಪುರದ ಆವರಣದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನೀಡುವ ಕೇಂದ್ರವಿದೆ. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆ ತರಬೇತಿಯ ಫಲ ಹಳ್ಳಿಯ ಶಾಲೆಯ ಕಡೆಯ ಬೆಂಚಿನವರೆಗೆ ತಲುಪುತ್ತಿದೆಯೇ ಎಂದು ವಿಚಾರಿಸುವುದು ಪೋಷಕರ ಹಕ್ಕು. ನಮ್ಮ ಮಕ್ಕಳು ಆ ಬೇಲಿಯೊಳಕ್ಕೆ ಕಾವಲುಗಾರರಾಗಿ, ಕೂಲಿಗಳಾಗಿ ಮಾತ್ರವಲ್ಲ, ಸಂಶೋಧಕರಾಗಿಯೂ ಹೋಗುವ ದಿನ ಬರಬೇಕು.

ಅದಕ್ಕೆ ಮನೆಯಲ್ಲೇ ನೆಲ ಹದವಾಗಬೇಕು. ವೈದ್ಯಕೀಯ, ಇಂಜಿನಿಯರಿಂಗ್ ಎರಡೇ ಓದೆಂಬ ಭ್ರಮೆಯನ್ನು ಬಿಡೋಣ. ಭೌತಶಾಸ್ತ್ರ, ಗಣಿತಗಳನ್ನು ಪ್ರೀತಿಸುವ ಮಗಳಿಗೆ ‘ಅದರಿಂದ ಸಂಬಳವೆಷ್ಟು?’ ಎಂದು ಕೇಳುವ ಮುನ್ನ ಅವಳ ಮಾತಿಗೆ ಕಿವಿಗೊಡೋಣ. ಪ್ರಶ್ನೆ ಕೇಳುವ ಮಗು ವಿಶ್ವಾಸವನ್ನು ಕಳೆದುಕೊಳ್ಳುವುದೆಂಬ ಭಯ ಬೇಡ. ಸೃಷ್ಟಿಯನ್ನು ಅರಿಯುವ ಬುದ್ಧಿಯೂ ಸೃಷ್ಟಿಕರ್ತನ ವರವೇ. ಇಂದು ಸಂಜೆ ಕುಟುಂಬದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಏನಾದರೂ ಕೇಳಿದರೆ ಟಿ.ವಿ.ಯನ್ನು ಒಂದಿಷ್ಟು ಹೊತ್ತು ಆರಿಸಿರಿ. ಉತ್ತರ ಗೊತ್ತಿಲ್ಲದಿದ್ದರೆ ಅವರೊಂದಿಗೆ ಕುಳಿತು ಹುಡುಕಿರಿ.