ಹ್ಯಾಂಡಲಿಗೆ ಚೀಲ ಕಟ್ಟಿದರೆ ದೀಪಕ್ಕೆ ಜಾಗವೆಲ್ಲಿ?

ಪುಣೆ: ಕೋಥರೂಡ ಪರಿಸರದಲ್ಲಿ ಬೆಳಗಿನ ಜಾವ ಐದು ಗಂಟೆಗೆ ಎದ್ದು ಗ್ಯಾಲರಿಯಲ್ಲಿ ನಿಂತರೆ ಹಾಲಿನವರು, ಪೇಪರಿನವರ ಜೊತೆಗೆ ಇನ್ನೊಂದು ಬಗೆಯ ಸೈಕಲ್ ಸವಾರರೂ ಈಗ ಕಾಣಸಿಗುತ್ತಾರೆ. ತಲೆಗೆ ಹೆಲ್ಮೆಟ್, ಬೆನ್ನಿಗೆ ಹೊಳೆಯುವ ಪಟ್ಟಿಯ ಜಾಕೆಟ್, ಹ್ಯಾಂಡಲಿಗೆ ಬಿಗಿದ ಒಂದು ಚೀಲ. ಪೌಡ್ ರಸ್ತೆ ಹಿಡಿದು ಚಾಂದನಿ ಚೌಕದ ಏರು ಹತ್ತಿ ಪಿರಂಗುಟ್ ಕಡೆಗೆ ಹೋಗುವ ಇವರಲ್ಲಿ ಐಟಿ ಕಂಪೆನಿಯವರು, ಬ್ಯಾಂಕಿನವರು, ನಿವೃತ್ತರು ಎಲ್ಲರೂ ಇದ್ದಾರೆ. ಏರಿನಲ್ಲಿ ಏದುಸಿರು ಬಿಡುತ್ತಾ ಆಡುವ ಮಾತಿನಲ್ಲಿ ಕನ್ನಡ, ತುಳು ಕೂಡ ಕೇಳಿಬರುವುದುಂಟು. ಈ ಲೇಖಕನೂ ಅವರಲ್ಲೊಬ್ಬ.

ಪುಣೆಗೆ ಸೈಕಲ್ ಹೊಸತೇನಲ್ಲ. ಒಂದು ಕಾಲಕ್ಕೆ ಇದು ಸೈಕಲ್‌ಗಳ ಊರು ಎಂದೇ ಹೆಸರಾಗಿತ್ತು. ಹೊಸತಾಗಿ ಬಂದಿರುವುದು ಹ್ಯಾಂಡಲ್ ಚೀಲ. ಹಿಂದೆ ಸಾಮಾನೆಲ್ಲ ಹಿಂದಿನ ಕ್ಯಾರಿಯರಿಗೆ ಹೋಗುತ್ತಿತ್ತು. ಈಗಿನ ಸಪೂರ ಸೈಕಲ್‌ಗಳಿಗೆ ಕ್ಯಾರಿಯರ್ ಇಲ್ಲ. ಆದ್ದರಿಂದ ಪಂಪು, ಟ್ಯೂಬು, ಮಳೆ ಅಂಗಿ, ತಿಂಡಿ, ಮೊಬೈಲು ಎಲ್ಲವೂ ಮುಂದಿನ ಚೀಲಕ್ಕೆ ಬಂದು ಕುಳಿತವು. ದೀಪ ಇರಬೇಕಾದ ಜಾಗವೂ ಅದೇ. ಎರಡಕ್ಕೂ ಜಗಳ ಹತ್ತಿಕೊಳ್ಳುವುದು ಅಲ್ಲಿಂದಲೇ.

ಆ ಜಗಳದ ಬೆಲೆ ನನಗೆ ತಿಳಿದದ್ದು 2019ರ ಮಳೆಗಾಲದಲ್ಲಿ. ಪೌಡ್ ರಸ್ತೆಯಲ್ಲಿ ಆಗ ಮೆಟ್ರೋ ಕಾಮಗಾರಿ ನಡೆಯುತ್ತಿತ್ತು. (ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ ರೈಲು ಓಡಲು ಶುರುವಾದದ್ದು 2022ರ ಮಾರ್ಚ್ 6ರಂದು.) ಭಾನುವಾರ, ಇನ್ನೂ ನಸುಕು. ಸಾಮಾನ್ಯವಾಗಿ ಬಿಸ್ಕತ್ತು ಹಾಕಿಕೊಂಡು ಹೋಗುವವನು ಅಂದು ಮನೆಯಾಕೆ ಕಟ್ಟಿಕೊಟ್ಟ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ತುರುಕಿದ್ದೆ. ಚೀಲದ ಬಾಯಿ ಉಬ್ಬಿ ದೀಪದ ಮಟ್ಟಕ್ಕೆ ಬಂದಿತ್ತು. ದೂರದ ಮರ, ಬೋರ್ಡು ಎಲ್ಲ ಕಾಣುತ್ತಿದ್ದುದರಿಂದ ಬೆಳಕು ಸರಿಯಾಗಿಯೇ ಇದೆ ಎಂಬ ಭ್ರಮೆ. ಕಾಣದಿದ್ದುದು ಚಕ್ರದ ಮುಂದಿನ ನೆಲ ಮಾತ್ರ. ನೀರು ತುಂಬಿದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದದ್ದು ಗೊತ್ತು, ಮತ್ತೆ ಗೊತ್ತಾದದ್ದು ಬಲಗೈ ಮಣಿಗಂಟಿನ ನೋವು. ಆರು ವಾರ ಪ್ಲಾಸ್ಟರು. ಎಡಗೈಯಲ್ಲಿ ಅನ್ನ ಕಲಸಿ ತಿನ್ನುವವನನ್ನು ನೋಡಿ ಮಗಳು ನಕ್ಕಳು, ಮನೆಯಾಕೆ ನಗಲಿಲ್ಲ. “ಸೈಕಲ್ ಭಂಗಾರಿನವನಿಗೆ ಕೊಡುವುದೇ” ಎಂದು ತೀರ್ಪು ಹೊರಬಿತ್ತು.

ಎಲ್ಲರೂ ರಸ್ತೆಯನ್ನು ಬೈದರು. ನಾನೂ ಮೊದಲು ಅದನ್ನೇ ಮಾಡಿದೆ. ಆದರೆ ಕೈ ನೋಡಲು ಬಂದ ನೆರೆಯ ಕಟ್ಟಡದ ಹಿರಿಯರೊಬ್ಬರು ಮಾತ್ರ ಒಳಗೆ ಬರುವ ಮೊದಲು ಪಾರ್ಕಿಂಗಿನಲ್ಲಿದ್ದ ಸೈಕಲನ್ನೇ ನೋಡಿ ಬಂದಿದ್ದರು. ಬಂಟ್ವಾಳ ಕಡೆಯವರು, ಎಳೆಯ ವಯಸ್ಸಿಗೇ ಪುಣೆಗೆ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವುದರಿಂದ ಆರಂಭಿಸಿ ಗಲ್ಲೆಯವರೆಗೆ ಬಂದವರು. ನಾವೆಲ್ಲ ಮಾಮ ಎಂದೇ ಕರೆಯುತ್ತೇವೆ. ಅವರು ಅಂದದ್ದಿಷ್ಟೆ: “ನಿನ್ನ ಲೈಟು ಒಳ್ಳೆಯದೇ ಉಂಟು ಮಾರಾಯ. ಆದರೆ ಅದು ಚೀಲಕ್ಕೆ ಬೆಳಕು ಕೊಡುತ್ತಾ ಉಂಟು, ರಸ್ತೆಗಲ್ಲ.”

ಮಾಮ ಅರವತ್ತರ ದಶಕದಲ್ಲಿ ಹೋಟೆಲಿನ ಸೈಕಲಿನಲ್ಲಿ ನಸುಕಿಗೇ ಮಂಡಯಿಗೆ ಹೋಗಿ ತರಕಾರಿ ತರುತ್ತಿದ್ದವರಂತೆ. ಹ್ಯಾಂಡಲಿನ ಎರಡು ಬದಿಗೆ ಎರಡು ಗೋಣಿ ಚೀಲ, ನಡುವೆ ಸೀಮೆಎಣ್ಣೆಯ ದೀಪ. ಚೀಲ ತೂಗಿ ದೀಪಕ್ಕೆ ಬಡಿದರೆ ಬತ್ತಿ ಆರುತ್ತಿತ್ತು. ಆರಿದ ದೀಪದೊಂದಿಗೆ ಹವಾಲ್ದಾರರ ಕೈಗೆ ಸಿಕ್ಕಿದರೆ ಚಕ್ರದ ಗಾಳಿ ಬಿಡುತ್ತಿದ್ದರು. ತರಕಾರಿ ಹೊತ್ತ ಸೈಕಲ್ ತಳ್ಳಿಕೊಂಡು ಹೋಟೆಲ್ ಮುಟ್ಟುವಷ್ಟರಲ್ಲಿ ಸಾಂಬಾರಿಗೆ ತಡ, ಮಾಲೀಕರ ಬೈಗುಳ ಬೇರೆ. ಕೊನೆಗೆ ಒಬ್ಬ ಸೈಕಲ್ ಮಿಸ್ತ್ರಿ ಒಂದು ಪಟ್ಟಿ ಬಗ್ಗಿಸಿ ದೀಪವನ್ನು ಕೆಳಗೆ ಫೋರ್ಕಿಗೆ ಇಳಿಸಿಕೊಟ್ಟನಂತೆ. “ಅಲ್ಲಿಂದ ಮತ್ತೆ ತೊಂದರೆ ಇಲ್ಲ” ಎಂದು ಮಾಮ ಚಹಾ ಕುಡಿದು ಹೊರಟರು.

ಪ್ಲಾಸ್ಟರು ಬಿಚ್ಚುವವರೆಗೆ ಬೇರೆ ಕೆಲಸವಿಲ್ಲದ ನಾನು ಲೆಕ್ಕ ಹಾಕುತ್ತಾ ಕುಳಿತೆ. ಓದುಗರೂ ಒಮ್ಮೆ ಹಾಕಿ ನೋಡಬಹುದು, ಶಾಲೆಯ ತ್ರಿಕೋನದ ಲೆಕ್ಕವಷ್ಟೆ. ದೀಪ ನೆಲದಿಂದ 100 ಸೆಂ.ಮೀ. ಎತ್ತರದಲ್ಲಿದೆ. ಚೀಲದ ಮುಂದಿನ ಅಂಚು ದೀಪಕ್ಕಿಂತ 20 ಸೆಂ.ಮೀ. ಮುಂದೆ, 4 ಸೆಂ.ಮೀ. ಕೆಳಗೆ ಇದೆ. ಅಂಚನ್ನು ಸವರಿ ಹೋಗುವ ಬೆಳಕು 20 ಸೆಂ.ಮೀ. ಮುಂದೆ ಹೋಗುವಾಗ 4 ಸೆಂ.ಮೀ. ಇಳಿದರೆ, 100 ಸೆಂ.ಮೀ. ಇಳಿದು ನೆಲ ಮುಟ್ಟಲು 500 ಸೆಂ.ಮೀ. ಹೋಗಬೇಕು. ಅಂದರೆ ದೀಪದಿಂದ ಮುಂದೆ ಐದು ಮೀಟರ್ ರಸ್ತೆ ಚೀಲದ ನೆರಳಿನಲ್ಲಿ. ನನ್ನ ಚಿತ್ರಾನ್ನದ ದಿನ ಆ 4 ಸೆಂ.ಮೀ. 2ಕ್ಕೆ ಇಳಿದಿತ್ತು. ನೆರಳು ಹತ್ತು ಮೀಟರಿಗೆ ಹೋಯಿತು. ದೀಪವನ್ನು ನಾನು ಎಂಟು ಮೀಟರ್ ದೂರಕ್ಕೆ ಗುರಿ ಇಟ್ಟಿದ್ದೆ, ಹಾಗಾಗಿ ಅತಿ ಪ್ರಖರವಾದ ಬೆಳಕೇ ಚೀಲದ ನೆತ್ತಿಗೆ ಬಡಿಯುತ್ತಿತ್ತು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಉಳಿದದ್ದನ್ನು ಗುಂಡಿ ಹೇಳಿತು.

ಇದೇ ಲೆಕ್ಕದಲ್ಲಿ ಮೊದಲ ಪರಿಹಾರವೂ ಅಡಗಿದೆ. ದೀಪವನ್ನು ನಾಲ್ಕೇ ಸೆಂ.ಮೀ. ಮೇಲಕ್ಕೆ ಎತ್ತಿದರೆ ಐದು ಮೀಟರಿನ ನೆರಳು ಎರಡೂವರೆ ಮೀಟರಿನ ಆಸುಪಾಸಿಗೆ ಬರುತ್ತದೆ. ಇದಕ್ಕಾಗಿ ಹ್ಯಾಂಡಲಿನಿಂದ ಮೇಲಕ್ಕೆ ಅಥವಾ ಮುಂದಕ್ಕೆ ಚಾಚುವ ಸಣ್ಣ ಅಡ್ಡಪಟ್ಟಿ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಖರ್ಚು ಮಾಡುವ ಮನಸ್ಸಿಲ್ಲದವರು ಗಟ್ಟಿ ಪಿವಿಸಿ ಪೈಪಿನ ತುಂಡೊಂದನ್ನು ಹೋಸ್ ಕ್ಲಿಪ್ಪಿನಿಂದ ಬಿಗಿಯಬಹುದು. ನಡುವೆ ಹಳೆಯ ಟ್ಯೂಬಿನ ತುಂಡು ಸುತ್ತಲು ಮರೆಯಬಾರದು, ಇಲ್ಲವಾದರೆ ಮೊದಲ ಉಬ್ಬಿನಲ್ಲೇ ದೀಪ ಕೆಳಗೆ ಮುಖ ಮಾಡುತ್ತದೆ. ಉದ್ದ ಚಾಚಿದಷ್ಟೂ ದೀಪ ಅಲುಗಾಡುತ್ತದೆ ಎಂಬುದನ್ನೂ ಹೇಳಬೇಕು. ನಾನು ಮೊದಲು ಒಂದು ಗೇಣು ಚಾಚಿ ಕಟ್ಟಿ, ನಡುಗುವ ಬೆಳಕಿಗೆ ಕಣ್ಣು ನೋಯಿಸಿಕೊಂಡೆ.

ಕೆಲವು ಚೀಲಗಳ ಮುಂಭಾಗದಲ್ಲಿ ದೀಪ ಸಿಕ್ಕಿಸಲು ಬಟ್ಟೆಯ ಪಟ್ಟಿ ಹೊಲಿದಿರುತ್ತದೆ. ನೋಡಲು ಚೆಂದ. ಮಿನುಗುವ ಪುಟ್ಟ ದೀಪಕ್ಕೆ ಅದು ಸಾಕು, ದಾರಿ ತೋರಿಸುವ ದೀಪಕ್ಕೆ ಸಾಲದು. ಬಟ್ಟೆ ಜೋಲುತ್ತದೆ, ದೀಪ ತಲೆ ತಗ್ಗಿಸುತ್ತದೆ. ಚೀಲ ತುಂಬಿದಾಗ ಒಂದು ದಿಕ್ಕು, ಖಾಲಿಯಾದಾಗ ಇನ್ನೊಂದು ದಿಕ್ಕು.

ಮಾಮನ ಮಿಸ್ತ್ರಿಯ ದಾರಿಯೇ ಇವೆಲ್ಲಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಮುಂದಿನ ಫೋರ್ಕಿನ ನೆತ್ತಿಯಲ್ಲಿ, ಬ್ರೇಕ್ ಕೂರಿಸುವ ಬೋಲ್ಟಿನ ತೂತಿಗೆ ಎಲ್ ಆಕಾರದ ಪಟ್ಟಿಯೊಂದನ್ನು ಹಾಕಿ ದೀಪ ಕೂರಿಸುವುದು. ಚೀಲ ಮೇಲೆ, ದೀಪ ಕೆಳಗೆ, ಜಗಳ ಮುಗಿಯಿತು. ಇನ್ನೊಂದು ಲಾಭವೂ ಉಂಟು. ಬೆಳಕು ತಗ್ಗಿನಿಂದ ಓರೆಯಾಗಿ ಬೀಳುವುದರಿಂದ ಗುಂಡಿ, ಜಲ್ಲಿಗಳ ನೆರಳು ಉದ್ದಕ್ಕೆ ಬಿದ್ದು ದೂರದಿಂದಲೇ ಎದ್ದು ಕಾಣುತ್ತವೆ. ಅರ್ಧ ಅಡಿಯ ಗುಂಡಿ ಒಂದು ಅಡಿಯಂತೆ ಕಂಡು ಹೆದರಿಕೆಯಾಗುತ್ತದೆ ನಿಜ. ನಮ್ಮ ರಸ್ತೆಗಳಲ್ಲಿ ಅಷ್ಟು ಹೆದರಿಕೆ ಇರಲಿ. ತೂತು ಇಲ್ಲದ ಸೈಕಲ್‌ಗಳಲ್ಲಿ ಫೋರ್ಕಿನ ಕಾಲಿಗೇ ದೀಪ ಕಟ್ಟುತ್ತಾರೆ. ಆಗ ಚಕ್ರದ ನೆರಳು ಇನ್ನೊಂದು ಬದಿಗೆ ಬೀಳುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ಮಣ್ಣು, ಚರಂಡಿ ಮುಚ್ಚಳ ಎಲ್ಲ ಎಡಕ್ಕೇ ಇರುವುದರಿಂದ ದೀಪವೂ ಎಡಗಾಲಿಗೇ ಇದ್ದರೆ ಒಳ್ಳೆಯದು. ಕಾರ್ಬನ್ ಫೋರ್ಕಿನವರು ಮಾತ್ರ ಕ್ಲಿಪ್ ಬಿಗಿಯುವ ಗೋಜಿಗೆ ಹೋಗಬಾರದು. ಒತ್ತಿದ ಜಾಗದಲ್ಲಿ ಬಿರುಕು ಬಿಟ್ಟರೆ ಹೊರಗೆ ಕಾಣುವುದೂ ಇಲ್ಲ.

ಇಲ್ಲೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಚಕ್ರದ ಬಳಿ ಕಟ್ಟಿದ ಯಾವುದೇ ವಸ್ತು ಸಡಿಲಾಗಿ ಮುಂದಿನ ಚಕ್ರದ ಕಡ್ಡಿಗಳ ನಡುವೆ ಹೋದರೆ ಚಕ್ರ ಒಮ್ಮೆಲೇ ನಿಲ್ಲುತ್ತದೆ, ಸವಾರ ಹ್ಯಾಂಡಲ್ ಮೇಲಿನಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ. ಬೋಲ್ಟಿಗೆ ಲಾಕ್ ನಟ್ಟು ಹಾಕಿ, ವಾರಕ್ಕೊಮ್ಮೆ ಕೈಯಿಂದ ಅಲುಗಾಡಿಸಿ ನೋಡುವುದು ಉತ್ತಮ. ಆ ಬೋಲ್ಟು ಬ್ರೇಕಿನದೂ ಹೌದಾದ್ದರಿಂದ ಮೊದಲ ಬಾರಿ ಅಂಗಡಿಯಲ್ಲೇ ಹಾಕಿಸಿದರೆ ನೆಮ್ಮದಿ. ಚೀಲದ ಹಿಂಬದಿ ಬ್ರೇಕ್ ಕೇಬಲ್‌ಗಳನ್ನು ಒತ್ತುತ್ತಿದೆಯೇ, ಹ್ಯಾಂಡಲ್ ಎರಡು ಕಡೆಗೂ ಪೂರ್ತಿ ತಿರುಗುತ್ತದೆಯೇ ಎಂದು ನಿಂತಲ್ಲೇ ನೋಡಿಕೊಳ್ಳಬೇಕು.

ಚೀಲದ ಕೆಳಗೆ ದೀಪ ಇಡುವ ಈ ಉಪಾಯ ಮಂಡಯಿಯ ಮಿಸ್ತ್ರಿಯದು ಮಾತ್ರವಲ್ಲ. ಫ್ರಾನ್ಸಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸವಾರಿ 1891ರಲ್ಲಿ ಆರಂಭವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿ.ಮೀ., ಗರಿಷ್ಠ 90 ಗಂಟೆ. ರಾತ್ರಿಯಿಡೀ ತುಳಿಯಬೇಕಾದ ಈ ಸವಾರರಿಗೆಂದೇ ರನೆ ಹೆರ್ಸ್, ಅಲೆಕ್ಸ್ ಸಿಂಗರ್ ಮುಂತಾದ ಫ್ರೆಂಚ್ ಕುಶಲಿಗಳು ಕಳೆದ ಶತಮಾನದ ನಡುವಿನಲ್ಲಿ ಕಟ್ಟಿದ ಸೈಕಲ್‌ಗಳಲ್ಲಿ ಮುಂದಿನ ಚಕ್ರದ ಮೇಲೆ ಪುಟ್ಟ ಕ್ಯಾರಿಯರ್, ಅದರ ಮೇಲೆ ಚೀಲ, ಕ್ಯಾರಿಯರಿನ ಕೆಳಗೆ ದೀಪ. ಅದೇ ಕ್ರಮದ ದೂರ ಸವಾರಿಗಳು ಭಾರತದಲ್ಲೂ ನಡೆಯುತ್ತಿದ್ದು, ಪುಣೆಯಿಂದಲೂ ನಮ್ಮವರು ಭಾಗವಹಿಸುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಅವಧಿ. ರಾತ್ರಿಯಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಸೈಕಲಿಗೆ ಗಟ್ಟಿಯಾಗಿ ಕಟ್ಟಿರಲೇಬೇಕು ಎಂಬುದು ಅವರ ನಿಯಮ.

ಹಳೆಯ ದೀಪಗಳನ್ನು ನೋಡುವ ಆಸೆಯಿದ್ದವರು ದೂರ ಹೋಗಬೇಕಾಗಿಲ್ಲ. ಕೋಥರೂಡಕ್ಕೆ ತಾಗಿದ ಕರ್ವೇನಗರದ ಸಹವಾಸ ಸೊಸೈಟಿಯಲ್ಲಿ ವಿಕ್ರಮ್ ಪೆಂಡ್ಸೆ ಅವರು ತಮ್ಮ ಸಂಗ್ರಹದಿಂದಲೇ 2017ರಲ್ಲಿ ಸೈಕಲ್ ಸಂಗ್ರಹಾಲಯವೊಂದನ್ನು ತೆರೆದರು. ಸೈಕಲ್‌ಗಳಷ್ಟೇ ಅಲ್ಲ, ಹಳೆಯ ಬಗೆಬಗೆಯ ದೀಪಗಳನ್ನೂ ಅವರು ಕೂಡಿಸಿದ್ದಾರೆ. ಆ ಕಾಲದ ಕಾರ್ಬೈಡ್ ದೀಪದ ಕತೆ ಮಕ್ಕಳಿಗೆ ಹೇಳುವಂಥದ್ದು: ಮೇಲಿನ ಡಬ್ಬಿಯಿಂದ ನೀರು ಹನಿಹನಿಯಾಗಿ ಕೆಳಗಿನ ಕಾರ್ಬೈಡ್ ಹರಳಿನ ಮೇಲೆ ಬಿದ್ದು ಅಸಿಟಿಲೀನ್ ಅನಿಲ ಹುಟ್ಟಿ ಉರಿಯುತ್ತಿತ್ತು. ನಂತರ ಬಂದದ್ದು ಟಯರಿಗೆ ಉಜ್ಜಿ ತಿರುಗುವ ಡೈನಮೋ, ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ಸೈಕಲ್ ನಿಂತರೆ ದೀಪವೂ ನಿಂತಿತು. ಈಗಿನ ಎಲ್‌ಇಡಿ ದೀಪಕ್ಕೆ ಆ ಕಷ್ಟವಿಲ್ಲ, ಬ್ಯಾಟರಿ ಇಳಿದರೆ ಚೀಲದಲ್ಲಿರುವ ಪವರ್ ಬ್ಯಾಂಕಿನಿಂದ ಒಂದು ವೈರು ಎಳೆದರಾಯಿತು. ಚೀಲದಿಂದ ದೀಪಕ್ಕೆ ಆಗುವ ಉಪಕಾರ ಅದೊಂದೇ!

ಹೆತ್ತವರಿಗೆ ಒಂದು ಮಾತು. ಸಂಜೆ ಟ್ಯೂಷನ್ನಿಗೆ ಹೋಗುವ ಮಕ್ಕಳ ಸೈಕಲ್‌ಗಳ ಮುಂದಿನ ಬುಟ್ಟಿಯನ್ನು ಗಮನಿಸಿ. ಬುಟ್ಟಿಯಲ್ಲಿ ಶಾಲಾ ಚೀಲ ನಿಲ್ಲಿಸಿದರೆ ಅದು ಹ್ಯಾಂಡಲಿಗಿಂತ ಎತ್ತರ. ಹಿಂದಿರುವ ದೀಪ ಮಗುವಿಗೂ ಕಾಣಿಸದು, ಎದುರಿನಿಂದ ಬರುವ ಕಾರಿನವನಿಗೂ ಕಾಣಿಸದು. ಬುಟ್ಟಿಯ ಮುಂದಿನ ತಂತಿಗೇ ಎರಡು ಪ್ಲಾಸ್ಟಿಕ್ ಟ್ಯಾಗಿನಿಂದ ದೀಪ ಕಟ್ಟಿದರೆ ಐದು ನಿಮಿಷದ ಕೆಲಸ. ನನ್ನ ಮಗಳ ಸೈಕಲಿಗೆ ಮೊದಲು ಮಾಡಿದ್ದು ಅದನ್ನೇ.

ದೀಪದ ಗುರಿ ಹಿಡಿಯುವುದಕ್ಕೆ ಸೊಸೈಟಿಯ ಕಾಂಪೌಂಡ್ ಗೋಡೆ ಸಾಕು. ರಾತ್ರಿ ಚೀಲ ತುಂಬಿಸಿಯೇ, ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ. ದೀಪ ಒಂದು ಮೀಟರ್ ಎತ್ತರದಲ್ಲಿದ್ದರೆ, ಗೋಡೆಯ ಮೇಲೆ ಬೆಳಕಿನ ನಡುಭಾಗ ನೆಲದಿಂದ ಅರ್ಧ ಮೀಟರಿಗೆ ಬಿದ್ದರೆ ಅದು ರಸ್ತೆಯನ್ನು ಹತ್ತು ಮೀಟರ್ ದೂರದಲ್ಲಿ ಮುಟ್ಟುತ್ತದೆ. ಗೋಡೆಯ ಬುಡದಲ್ಲಿ ಚೀಲದ ಆಕಾರದ ಕಪ್ಪು ನೆರಳು ಎಷ್ಟೆತ್ತರ ಬಿದ್ದಿದೆ ಎಂಬುದೂ ಆಗಲೇ ಕಾಣುತ್ತದೆ. ಬೆಳಕನ್ನು ಮೇಲಕ್ಕೆ ಎತ್ತಿ ಎದುರಿನವರ ಕಣ್ಣಿಗೆ ಕುಕ್ಕಿದರೆ ಅವರು ಬಂದು ನಮಗೇ ಗುದ್ದಿಯಾರು.

ಮನೆಯಾಕೆಯನ್ನು ಒಪ್ಪಿಸಿದ್ದೂ ಆ ಗೋಡೆಯ ಮುಂದೆಯೇ. ಹಳೆಯ ಜಾಗದಲ್ಲಿ ದೀಪ ಕಟ್ಟಿ ನೆರಳು ತೋರಿಸಿದೆ, ಆಮೇಲೆ ಫೋರ್ಕಿಗೆ ಇಳಿಸಿ ತೋರಿಸಿದೆ. ಏನೂ ಹೇಳದೆ ಮೇಲೆ ಹೋದಳು. ಮರುದಿನ ಭಂಗಾರಿನವನು ಬಂದಾಗ ಹಳೆಯ ಪೇಪರು ಮಾತ್ರ ಹೋಯಿತು. ಚಿತ್ರಾನ್ನಕ್ಕೆ ಈಗ ಚಪ್ಪಟೆ ಡಬ್ಬಿ ಬಂದಿದೆ.

ಮೊದಲ ಸವಾರಿಯ ದಿನ ನಸುಕಿನಲ್ಲಿ ಮಾಮ ಗೇಟಿನ ಬಳಿ ವಾಕಿಂಗಿಗೆ ನಿಂತಿದ್ದರು. ಫೋರ್ಕಿನ ದೀಪ ನೋಡಿ ತಲೆಯಾಡಿಸಿದರು. ನಾನು ಹೆಮ್ಮೆಯಿಂದ ಎರಡು ಸುತ್ತು ತುಳಿದು ರಸ್ತೆಗಿಳಿಯುವಷ್ಟರಲ್ಲಿ ಹಿಂದಿನಿಂದ ಕೂಗು: “ಓಯ್ ಮಾರಾಯ, ಹಿಂದಿನ ಲೈಟು ಎಲ್ಲಿ ಉಂಟು?” ಇಳಿದು ನೋಡಿದೆ. ಸೀಟಿನ ಕೆಳಗೆ ಕೆಂಪು ದೀಪ ಉರಿಯುತ್ತಲೇ ಇತ್ತು, ಸೊಂಟಕ್ಕೆ ಕಟ್ಟಿದ್ದ ಮಳೆ ಅಂಗಿ ಅದರ ಮೇಲೆ ಜೋತುಬಿದ್ದಿತ್ತು.