‘ಹೀಪ್’ ಮತ್ತು ‘ರಾಶಿ’: ಅರ್ಥವಿಸ್ತಾರದ ಒಂದು ಪರಿಶೀಲನೆ

ಇಂಗ್ಲಿಷಿನ ‘ಹೀಪ್’ ಪದಕ್ಕೆ ‘ರಾಶಿ’ ಎಂದು ಬರೆದು ಮುಂದೆ ಸಾಗುವುದು ಕನ್ನಡದಲ್ಲಿ ಸುಲಭವಾದ ದಾರಿ. ನಾಮಪದದ ಮಟ್ಟಿಗೆ ಈ ಸಮೀಕರಣ ತಪ್ಪೇನಲ್ಲ. ಆದರೆ ‘ಹೀಪ್ಸ್ ಆಫ್ ಟೈಮ್’, ‘ಹೀಪ್ಸ್ ಬೆಟರ್’ ಎಂಬಂಥ ಪ್ರಯೋಗಗಳು ಎದುರಾದೊಡನೆ ಶಿಷ್ಟಕನ್ನಡ ತಡವರಿಸುತ್ತದೆ. ಅಲ್ಲಿ ‘ಬೇಕಾದಷ್ಟು’, ‘ಎಷ್ಟೋ’ ಎಂಬ ಪದಗಳು ಬಂದು ರಾಶಿಯ ರೂಪಕ ಅಳಿಸಿಹೋಗುತ್ತದೆ. ಇದು ಭಾಷೆಯ ಕೊರತೆಯೋ, ಶಿಷ್ಟಭಾಷೆಯ ಆಯ್ಕೆಯ ಕೊರತೆಯೋ ಎಂಬುದು ವಿಚಾರಾರ್ಹ.

ಹಳೆಯ ಇಂಗ್ಲಿಷಿನಲ್ಲಿಯೇ ‘ಹೀಪ್’ ಪದಕ್ಕೆ ಗುಡ್ಡೆ ಎಂಬ ಅರ್ಥದ ಜೊತೆಗೆ ಜನಸಮೂಹ ಎಂಬ ಅರ್ಥವೂ ಇತ್ತು. ‘ಬೇವುಲ್ಫ್’ ಕಾವ್ಯದಲ್ಲಿ ಯೋಧರ ತಂಡಕ್ಕೆ ಈ ಪದ ಬಳಕೆಯಾಗಿದೆ. ಡಚ್ಚಿನ ‘ಹೋಪ್’, ಜರ್ಮನ್ನಿನ ‘ಹೌಫೆನ್’ ಇದರ ಜ್ಞಾತಿಪದಗಳು. ಇಂಗ್ಲಿಷಿನ ‘ಫರ್‌ಲಾರ್ನ್ ಹೋಪ್’ ಎಂಬ ನುಡಿಗಟ್ಟಿನಲ್ಲಿರುವುದು ಮೂಲತಃ ಆಶೆಯಲ್ಲ. ಅದು ಡಚ್ಚಿನ ಈ ‘ಹೋಪ್’, ಅಂದರೆ ಪ್ರಾಣದ ಹಂಗಿಲ್ಲದೆ ಮುಂದೆ ಕಳಿಸಲ್ಪಟ್ಟ ಸೈನಿಕರ ತುಕಡಿ. ಹೀಗೆ ವಸ್ತುಗಳ ಗುಡ್ಡೆಯಿಂದ ಜನರ ಗುಂಪಿಗೆ, ಅಲ್ಲಿಂದ ‘ಬಹಳ’ ಎಂಬ ಪರಿಮಾಣಕ್ಕೆ, ಕೊನೆಗೆ ‘ಹೀಪ್ಸ್ ಬೆಟರ್’ ಎಂಬಲ್ಲಿ ಗುಣದ ಅತಿಶಯಕ್ಕೆ ಪದ ವ್ಯಾಪಿಸಿದೆ.

ಕನ್ನಡವೂ ಇದೇ ದಾರಿಯನ್ನು ನಡೆದಿದೆ ಎಂಬುದು ಗಮನಾರ್ಹ. ಉತ್ತರ ಕನ್ನಡ ಜಿಲ್ಲೆಯ ಆಡುಮಾತಿನಲ್ಲಿ ‘ರಾಶಿ ಜನ’ ಎಂದರೆ ಬಹಳ ಜನ. ‘ರಾಶಿ ಚೊಲೋ’ ಎಂದರೆ ತುಂಬ ಒಳ್ಳೆಯದು. ಎರಡನೆಯ ಪ್ರಯೋಗದಲ್ಲಿ ಗುಡ್ಡೆಯ ಚಿತ್ರ ಸಂಪೂರ್ಣ ಮಸುಕಾಗಿದೆ. ಅಷ್ಟೇ ಅಲ್ಲ, ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಸ್ಪಷ್ಟವಾಗಿದೆ. ‘ಎ ಹೀಪ್ ಆಫ್ ಲೆಟರ್ಸ್’ ಎಂದಾಗ ಮೇಜಿನ ಮೇಲೆ ಕಾಗದಗಳು ಗುಡ್ಡೆಯಾಗಿ ಬಿದ್ದಿವೆಯೋ, ಕೇವಲ ಬಹಳ ಬಂದಿವೆಯೋ ಎಂಬುದನ್ನು ಸಂದರ್ಭವೇ ಹೇಳಬೇಕು. ಆ ಪ್ರದೇಶದ ಮಾತಿನಲ್ಲಾದರೋ ಪದಕ್ರಮವೇ ಅದನ್ನು ತಿಳಿಸುತ್ತದೆ: ‘ಕಾಗದದ ರಾಶಿ’ ಗುಡ್ಡೆ, ‘ರಾಶಿ ಕಾಗದ’ ಪರಿಮಾಣ. ಶಿಷ್ಟಕನ್ನಡದಲ್ಲಿ ಎರಡನೆಯ ಅರ್ಥಕ್ಕೆ ‘ರಾಶಿ ರಾಶಿ’ ಎಂಬ ದ್ವಿರುಕ್ತಿ ಬೇಕಾಗುತ್ತದೆ. ಅನುವಾದಕರು ಈ ಪ್ರಾದೇಶಿಕ ಪ್ರಯೋಗವನ್ನು ಗ್ರಾಮ್ಯವೆಂದು ದೂರವಿಡುವುದಕ್ಕೆ ಸಮರ್ಥನೆ ಕಾಣದು. ಇಂಗ್ಲಿಷಿನ ‘ಹೀಪ್ಸ್’ ಕೂಡ ಆಡುಮಾತಿನ ಪದವೇ.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಈ ಪದ ಬೇರೊಂದು ದಿಕ್ಕಿಗೆ ಹೊರಳಿದೆ. ಅಲ್ಲಿ ‘ರಾಶಿ ಮಾಡುವುದು’ ಎಂದರೆ ತೆನೆಯಿಂದ ಕಾಳು ಬೇರ್ಪಡಿಸುವ ಇಡೀ ಕೆಲಸ. ಒಕ್ಕುವ ಯಂತ್ರಕ್ಕೆ ‘ರಾಶಿ ಯಂತ್ರ’ ಎಂದೇ ಹೆಸರು. ಫಲದ ಹೆಸರು ಕ್ರಿಯೆಗೆ ಬಂದಿದೆ. ಗಣಿತದ ‘ತ್ರೈರಾಶಿಕ’ದಲ್ಲಿ ಸಂಸ್ಕೃತ ಮೂಲದ ಇದೇ ಪದ ಶುದ್ಧ ಸಂಖ್ಯೆಯಾಗಿದೆ. ದೇಶ್ಯಪದಗಳಲ್ಲೂ ಇದಕ್ಕೆ ಸಾಕ್ಷಿಯುಂಟು: ‘ಸೌದೆ ಒಟ್ಟು’ ಎನ್ನುವಾಗಿನ ಪೇರಿಸುವ ‘ಒಟ್ಟು’, ಲೆಕ್ಕದಲ್ಲಿ ಮೊತ್ತವಾಗುವ ‘ಒಟ್ಟು’ ಒಂದೇ.

ಉಳಿದ ಪ್ರಶ್ನೆ ‘ಹೀಪ್’ ಮತ್ತು ‘ಸ್ಟ್ಯಾಕ್’ಗಳ ವ್ಯತ್ಯಾಸದ್ದು. ಮೊದಲನೆಯದು ಸುರಿದದ್ದು, ಎರಡನೆಯದು ಜೋಡಿಸಿದ್ದು. ಗಣಕವಿಜ್ಞಾನದಲ್ಲಿ ಇವೆರಡೂ ಪಾರಿಭಾಷಿಕ ಪದಗಳಾದುದರಿಂದ ಎರಡಕ್ಕೂ ‘ರಾಶಿ’ ಎಂದರೆ ಪಾಠವೇ ಕೆಡುತ್ತದೆ. (1964ರಲ್ಲಿ ಜೆ. ಡಬ್ಲ್ಯು. ಜೆ. ವಿಲಿಯಮ್ಸ್ ರೂಪಿಸಿದ ‘ಹೀಪ್’ ಎಂಬ ದತ್ತಾಂಶ ರಚನೆ ಮಾತ್ರ ಹೆಸರಿಗೆ ವಿರುದ್ಧವಾಗಿ ಕ್ರಮಬದ್ಧ!) ‘ಸ್ಟ್ಯಾಕ್’ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಹುಲ್ಲಿನ ಬಣವೆ. ಆದ್ದರಿಂದ ಗಣಕದ ‘ಸ್ಟ್ಯಾಕ್’ಗೂ ‘ಬಣವೆ’ ಎನ್ನೋಣವೆಂದರೆ, ರೈತರು ಬಣವೆಯ ಹುಲ್ಲನ್ನು ಬದಿಯಿಂದ ಹಿರಿಯುತ್ತಾರೆ. ಗಣಕದ ‘ಸ್ಟ್ಯಾಕ್’ನಲ್ಲಾದರೋ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು. ಅದಕ್ಕೆ ಹೊಂದುವ ಪದ ಕನ್ನಡದ ಅಡುಗೆಮನೆಯಲ್ಲಿದೆ: ಒಂದರ ಮೇಲೊಂದು ಗಡಿಗೆಗಳನ್ನಿಟ್ಟ ‘ಅಡಕಲು’. ಅದರಲ್ಲಿ ಮೇಲಿನ ಗಡಿಗೆಯನ್ನು ಇಳಿಸದೆ ಕೆಳಗಿನದನ್ನು ತೆಗೆಯಲಾಗದು.