ಗಡಸು ನೀರು ಮತ್ತು ಸಸ್ಯತ್ಯಾಜ್ಯ: ಜನಪದ ತಿಳಿವಳಿಕೆಯ ಒಂದು ವಿವೇಚನೆ

ನೀರಿನ ಗುಣಭೇದವನ್ನು ಜನಪದರು ಬಳಕೆಯ ಮೂಲಕವೇ ಗುರುತಿಸುತ್ತ ಬಂದಿದ್ದಾರೆ. ಸಿಹಿನೀರು, ಉಪ್ಪುನೀರು, ಸವುಳು ನೀರು ಎಂಬ ಮಾತುಗಳು ಕೇವಲ ರುಚಿಸೂಚಕಗಳಲ್ಲ. ಬೇಳೆ ಬೇಯುವುದೆ, ಸಾಬೂನು ನೊರೆಗಟ್ಟುವುದೆ ಎಂಬ ನಿತ್ಯದ ಪರೀಕ್ಷೆಗಳೂ ಅವುಗಳ ಹಿಂದಿವೆ. ಬೇಳೆ ಬೇಯದ, ನೊರೆ ಬಾರದ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ರಸಾಯನಶಾಸ್ತ್ರವು ಇದನ್ನು ಗಡಸುತನವೆನ್ನುತ್ತದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದಲ್ಲಿ ಇದರ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದೆಡೆ 600 ಮಿಲಿಗ್ರಾಂ.

ನೀರಿಗೆ ಸಂಬಂಧಿಸಿದ ಎರಡು ಸಸ್ಯಬಳಕೆಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಮೊದಲನೆಯದು ಚಿಲ್ಲದ ಬೀಜ. ಸುಶ್ರುತಸಂಹಿತೆಯು ಕತಕವೆಂದು ಹೆಸರಿಸುವ ಈ ಬೀಜವನ್ನು ತೇಯ್ದು ಬೆರೆಸಿದರೆ ನೀರಿನ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಬಗ್ಗಡ ತಿಳಿಯಾಗುತ್ತದೆ, ಕರಗಿದ ಲವಣಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಎರಡನೆಯದು ಒಲೆಯ ಬೂದಿ. ಬೂದಿಯನ್ನು ಕದಡಿ ಬಸಿದ ನೀರಿನಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಅನ್ನು ಸುಣ್ಣದ ಕಾರ್ಬೊನೇಟಾಗಿ ಬೇರ್ಪಡಿಸಿ ಕೆಳಗಿಳಿಸುತ್ತದೆ. ಬಟ್ಟೆ ಒಗೆಯಲು ಬೂದಿನೀರು ಒದಗಿದ್ದಕ್ಕೆ ಅದರ ಕ್ಷಾರಗುಣದೊಡನೆ ಇದೂ ಕಾರಣ. ಆದರೆ ಕ್ಷಾರ ಹೆಚ್ಚುವುದರಿಂದ ಆ ನೀರು ಕುಡಿಯಲು ತಕ್ಕುದಲ್ಲ.

ಆಧುನಿಕ ಪ್ರಯೋಗಗಳು ಸಸ್ಯತ್ಯಾಜ್ಯವನ್ನು ಸುಡದೆ ಬಳಸುತ್ತವೆ. ಹೊಟ್ಟು, ಸಿಪ್ಪೆ, ನಾರುಗಳ ಸೆಲ್ಯುಲೋಸನ್ನು ಸಿಟ್ರಿಕ್ ಆಮ್ಲದೊಡನೆ ಕಾಯಿಸಿದಾಗ ಅದಕ್ಕೆ ಕಾರ್ಬಾಕ್ಸಿಲ್ ಗುಂಪುಗಳು ಕೂಡಿಕೊಳ್ಳುತ್ತವೆ. ಸೋಡಿಯಂ ತುಂಬಿದ ಈ ಗುಂಪುಗಳು ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದು ಸೋಡಿಯಂ ಅನ್ನು ಬಿಟ್ಟುಕೊಡುತ್ತವೆ. ಇದೇ ಅಯಾನು ವಿನಿಮಯ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 1990ರ ದಶಕದ ಕೊನೆಯಲ್ಲಿ ಸೋಯಾ ಹೊಟ್ಟನ್ನು ಹೀಗೆ ಸಂಸ್ಕರಿಸಿ ತಾಮ್ರವನ್ನು ಹಿಡಿಯಲು ಬಳಸಿದರು. ಕ್ಯಾಲ್ಸಿಯಂನ ಹಿಡಿತ ತಾಮ್ರದಷ್ಟು ಬಿಗಿಯಲ್ಲ; ಆದ್ದರಿಂದಲೇ ಉಪ್ಪುನೀರು ಹಾಯಿಸಿ ಹೊಟ್ಟನ್ನು ಮತ್ತೆ ಸಜ್ಜುಗೊಳಿಸುವುದು ಸುಲಭ. ಸಂಸ್ಕರಿಸದ ಹೊಟ್ಟು ನೀರಿಗೆ ಬಣ್ಣ ಬಿಡುವುದು ಈ ವಿಧಾನದ ಒಂದು ತೊಡಕು.

ಹೀಗೆ ತಿಳಿಗೊಳಿಸುವುದು, ಕ್ಷಾರದಿಂದ ಮೆದುಗೊಳಿಸುವುದು, ಅಯಾನು ವಿನಿಮಯ ಇವು ಮೂರು ಭಿನ್ನ ಕ್ರಿಯೆಗಳು. ಇವೆಲ್ಲವನ್ನೂ ‘ಜಲಶುದ್ಧಿ’ ಎಂಬ ಒಂದೇ ಮಾತಿನಲ್ಲಿ ದಾಖಲಿಸಿದರೆ ಜನಪದರ ಸೂಕ್ಷ್ಮ ವಿವೇಕವೂ ಮರೆಯಾಗುತ್ತದೆ, ಚಿಲ್ಲದ ಬೀಜದಿಂದ ಗಡಸು ನೀರು ಮೆದುವಾಗುವುದೆಂಬ ತಪ್ಪು ನಿರೀಕ್ಷೆಯೂ ಹುಟ್ಟುತ್ತದೆ. ಅಡುಗೆ ಅನಿಲ ಬಂದ ಮನೆಗಳಲ್ಲಿ ಒಲೆಯೊಡನೆ ಬೂದಿಯ ಬಳಕೆಯೂ ಅಳಿಯುತ್ತಿದೆ. ಯಾವ ಗಿಡದ ಬೂದಿ, ಯಾವ ಬಾವಿಯ ನೀರು, ಯಾವ ಕೆಲಸಕ್ಕೆ ಎಂಬ ವಿವರಗಳನ್ನು ಬಲ್ಲ ಹಿರಿಯರಿರುವಾಗಲೇ ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಳ್ಳುವುದು ಅಗತ್ಯವಾಗಿದೆ.